ಪೊಲೀಸರು ಬರೆಸಿಕೊಂಡ ‘ಸ್ವಇಚ್ಛಾ ಹೇಳಿಕೆ’ಯಿಂದಲೇ ಶಿಕ್ಷೆಯಾಗುತ್ತದೆಯೇ?

ಪ್ರಶ್ನೆ (ಶಿರಸಿ ತಾಲ್ಲೂಕಿನಿಂದ):
ಎಂಟು ವರ್ಷಗಳಿಂದ ನಮ್ಮ ತೋಟದಲ್ಲಿ ಅಡಿಕೆ ಗೊನೆ ಕೊಯ್ಯುತ್ತಿರುವ ಯುವಕನೊಬ್ಬನನ್ನು, ನೆರೆಯೂರಿನ ಮನೆಯೊಂದರ ಅಟ್ಟದಿಂದ ಮೂರು ಚೀಲ ಚಾಲಿ (ಒಣಗಿಸಿ ಸುಲಿದ) ಅಡಿಕೆ ಕಳುವಾದ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದಾರೆ. ಆತ ‘ಸ್ವಇಚ್ಛಾ ಹೇಳಿಕೆ’ಗೆ ಸಹಿ ಹಾಕಿದನೆಂದೂ, ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಆತನೇ ತೋರಿಸಿದ ಜಾಗದಲ್ಲಿ ಒಂದು ಚೀಲ ಸಿಕ್ಕಿತೆಂದೂ ಹೇಳುತ್ತಿದ್ದಾರೆ. ಹೊಡೆದು ಸಹಿ ಹಾಕಿಸಿದರೆಂದು ಆತ ತನ್ನ ತಾಯಿಯ ಬಳಿ ಅತ್ತಿದ್ದಾನೆ. ಪತ್ರಿಕೆಯಲ್ಲಿ ‘ತಪ್ಪೊಪ್ಪಿಕೊಂಡಿದ್ದಾನೆ’ ಎಂದು ಬಂದ ಮೇಲಂತೂ ಊರಿನವರು ತೀರ್ಪೇ ಬಂದಂತೆ ಮಾತನಾಡುತ್ತಿದ್ದಾರೆ. ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ (ಕಾರವಾರದಿಂದ, ವಕೀಲ):
ಆ ಸಹಿಯೊಂದರಿಂದ ಶಿಕ್ಷೆಯಾಗುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಂಗಳಲ್ಲಿದ್ದ ನಿಯಮವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿ ಮುಂದುವರಿದಿದ್ದು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಹೊಡೆದರೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಪ್ರೀತಿಯಿಂದ ಕೇಳಿ ಬರೆದುಕೊಂಡಿದ್ದರೂ ಅದು ಸಾಕ್ಷ್ಯವಾಗದು.

ಆದರೆ ಆ ಚೀಲದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೇಳಿಕೆಯ ಫಲವಾಗಿ ಹೊಸ ಸಂಗತಿಯೊಂದು ಪತ್ತೆಯಾದರೆ, ಅದಕ್ಕೆ ನೇರವಾಗಿ ಸಂಬಂಧಿಸಿದ ಮಾತುಗಳಷ್ಟೇ ಸಾಕ್ಷ್ಯವಾಗುತ್ತವೆ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠ) 1946ರ ಡಿಸೆಂಬರ್‌ನಲ್ಲಿ ಎಳೆದ ಗೆರೆ ಇಂದಿಗೂ ಅದೇ: ‘ಚೀಲವನ್ನು ಬೆಟ್ಟದಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂಬುದು ಒಳಗೆ ಬರುತ್ತದೆ, ‘ಅಟ್ಟ ಹತ್ತಿ ಕದ್ದೆ’ ಎಂಬುದು ಹೊರಗೇ ಉಳಿಯುತ್ತದೆ. ಹಾಗಾಗಿ ವಾದ ನಡೆಯಬೇಕಾದದ್ದು ಜಪ್ತಿ ಪಂಚನಾಮೆಯ (ಪಂಚರು, ಅಂದರೆ ಸ್ಥಳದ ಸಾಕ್ಷಿಗಳ ಎದುರು ಬರೆದ ಜಪ್ತಿಯ ದಾಖಲೆಯ) ಮೇಲೆ. ಪಂಚರು ಯಾರು, ಅವರು ನಿಜವಾಗಿಯೂ ಬೆಟ್ಟಕ್ಕೆ ಹೋಗಿದ್ದರೇ, ಆ ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತೇ, ಅದು ಯಾರು ಬೇಕಾದರೂ ಓಡಾಡುವ ಜಾಗವೇ ಎಂಬುದನ್ನೆಲ್ಲ ಕೆದಕಬೇಕು. ಒಬ್ಬರ ಚಾಲಿಗೂ ಇನ್ನೊಬ್ಬರ ಚಾಲಿಗೂ ನೋಡುವುದಕ್ಕೆ ವ್ಯತ್ಯಾಸವಿಲ್ಲದಿರುವಾಗ, ಸಿಕ್ಕಿದ್ದು ಅದೇ ಮನೆಯ ಅಡಿಕೆಯೆಂದು ಗುರುತಿಸಿದ್ದು ಹೇಗೆ ಎಂದೂ ಕೇಳಬೇಕು.

ಉತ್ತರ (ಕುಮಟಾದಿಂದ):
ಹೊಡೆದ ವಿಷಯವನ್ನು ಮನೆಯವರಿಗೆ ಹೇಳಿದರೆ ಸಾಲದು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಆತನೇ ಹೇಳಬೇಕು. ಬಂಧನದ ನಂತರದ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನೂ ಪಡೆಯಿರಿ. ಅಪರಾಧ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಪ್ರಕಾರ ತಪ್ಪೊಪ್ಪಿಗೆ ದಾಖಲಿಸಲು ಕರೆದೊಯ್ದರೆ, ಒಪ್ಪಿಕೊಳ್ಳುವ ಬದ್ಧತೆ ಆತನಿಗಿಲ್ಲವೆಂದು ಮ್ಯಾಜಿಸ್ಟ್ರೇಟರು ಮೊದಲೇ ತಿಳಿಸಬೇಕು. ಮನಸ್ಸಿಲ್ಲವೆಂದರೆ ಆತನನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ. ಈ ಕೊನೆಯ ಮಾತನ್ನು ಆತನ ತಾಯಿಗೆ ಬಿಡಿಸಿ ಹೇಳಿ, ಏಕೆಂದರೆ ‘ಇಲ್ಲ’ ಎಂದರೆ ಮತ್ತೆ ಠಾಣೆಗೇ ಎಂಬ ಹೆದರಿಕೆಯಿಂದಲೇ ಅನೇಕರು ತಲೆಯಾಡಿಸುತ್ತಾರೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

ಉತ್ತರ (ಜೋಯಿಡಾದಿಂದ):
ನಮ್ಮಂಥ ಕಾಡಂಚಿನವರಿಗಾಗಿ ಒಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ ಪ್ರಕಾರ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಆರೋಪಿಯ ಸಮ್ಮುಖದಲ್ಲಿ ದಾಖಲಿಸಿದ ಸಾಕ್ಷ್ಯವು ವಿಚಾರಣೆಯಲ್ಲಿ ಸ್ವೀಕಾರಾರ್ಹ. ಪೊಲೀಸರ ಮುಂದಿನ ಹೇಳಿಕೆಗೆ ಬೆಲೆಯಿಲ್ಲವೆಂದು ಕೇಳಿದವರು ಅರಣ್ಯ ಕಚೇರಿಯಲ್ಲೂ ಅದೇ ಧೈರ್ಯದಿಂದ ಸಹಿ ಹಾಕಬಾರದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಚೀಲ ಸಿಕ್ಕಿತೆನ್ನುವ ಜಾಗದ ಪಕ್ಕದಲ್ಲೇ ಮೂರು ಮನೆಗಳವರು ಸೊಪ್ಪು ತರುವ ಕಾಲುದಾರಿಯಿದೆ. ನಾಳೆ ವಕೀಲರನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತೇನೆ.