ಅಡಿಕೆ ದರದ ಸೈಟ್: ವಿಪಿಎಸ್ ಸಾಕಾ, ಡೆಡಿಕೇಟೆಡ್ ಸರ್ವರ್ ಬೇಕಾ?

ತೋಟದಮನೆ:
ನಮಸ್ಕಾರ. ಶಿರಸಿ, ಸಾಗರದ ದಿನದ ಅಡಿಕೆ ದರ ಹಾಕುವ ಸಣ್ಣ ವರ್ಡ್‌ಪ್ರೆಸ್ ಸೈಟ್ ನನ್ನದು. 4 ಜಿಬಿ ರ‍್ಯಾಮ್, 2 ವಿಸಿಪಿಯು (ನಮ್ಮ ಪಾಲಿನ ಸಿಪಿಯು) ಇರುವ ವಿಪಿಎಸ್‌ನಲ್ಲಿದೆ, ಅಂದರೆ ಒಂದೇ ಯಂತ್ರವನ್ನು ಹಲವರಿಗೆ ಹಂಚಿಕೊಡುವ ಬಾಡಿಗೆ ಸರ್ವರ್. ದಿನವಿಡೀ ಏನೂ ತೊಂದರೆ ಇಲ್ಲ. ಸಂಜೆ ರಾಶಿ, ಚಾಲಿ, ಬೆಟ್ಟೆ ಬಗೆಯ ಅಡಿಕೆಗಳ ದರ ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದರೆ ಐದೇ ನಿಮಿಷಕ್ಕೆ ಸೈಟ್ ಮಲಗಿಬಿಡುತ್ತದೆ. ಡೇಟಾಬೇಸ್ ಸಿಗುತ್ತಿಲ್ಲ ಅಂತ ಬರುತ್ತದೆ. ಮೊನ್ನೆ ಹಾಗಾದಾಗ ಒಬ್ಬರು ಅಜ್ಜ ಫೋನ್ ಮಾಡಿ, 'ತಮಾ, ಚಾಲಿ ಎಷ್ಟಾತು? ನಾಳೆ ಮೂಟೆ ಕಳಿಸ್ಲಾ?' ಎಂದು ಕೇಳಿದರು. ತುಂಬಾ ಬೇಜಾರಾಯಿತು. ಹೋಸ್ಟಿಂಗ್‌ನವರು ಡೆಡಿಕೇಟೆಡ್, ಅಂದರೆ ಇಡೀ ಯಂತ್ರ ಒಬ್ಬರಿಗೇ ಸಿಗುವ ಸರ್ವರ್, ತಗೊಳ್ಳಿ ಅಂತಾರೆ. ಈಗ ತಿಂಗಳಿಗೆ 1,200 ರೂಪಾಯಿ, ಅದಕ್ಕೆ 9,000. ಏನು ಮಾಡಲಿ?

ಕಪ್ಪುಪರದೆ:
ಇನ್ನೂ ದುಡ್ಡು ಕಟ್ಟಬೇಡಿ. ಇವತ್ತು ಸಂಜೆ ಸೈಟ್ ನಿಂತಾಗ ಸರ್ವರ್‌ಗೆ ಲಾಗಿನ್ ಆಗಿ 'ಟಾಪ್' ಕಮಾಂಡ್ ಕೊಡಿ, ಯಂತ್ರ ಈಗ ಏನು ಮಾಡುತ್ತಿದೆ ಅಂತ ಅದು ತೋರಿಸುತ್ತದೆ. ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಅಂತ ಇರುತ್ತದೆ, ಸ್ಟೀಲ್ ಟೈಮ್. ಒಂದೇ ಬೋರ್‌ವೆಲ್‌ನಿಂದ ನಾಲ್ಕು ತೋಟಕ್ಕೆ ನೀರು ಹೋಗುವಾಗ ಎಲ್ಲರೂ ಒಟ್ಟಿಗೆ ವಾಲ್ವ್ ತೆಗೆದರೆ ನಿಮ್ಮ ಪೈಪಿಗೆ ಕಡಿಮೆ ಬರುತ್ತದಲ್ವಾ, ಹಾಗೆ. ಒಂದೇ ಯಂತ್ರದಲ್ಲಿ ಹಲವು ವಿಪಿಎಸ್ ಇರುತ್ತವೆ. ನಿಮಗೆ ಸಿಪಿಯು ಬೇಕಾದಾಗ ಸಿಗದೆ ಕಾದ ಹೊತ್ತನ್ನು ಎಸ್‌ಟಿ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅದು ಜಾಸ್ತಿ ಇದ್ದರೆ ತಪ್ಪು ನಿಮ್ಮದಲ್ಲ. ಅದೇ ಸಾಲಿನ 'ಡಬ್ಲ್ಯುಎ'ಯನ್ನೂ ನೋಡಿ, ಅದು ಡಿಸ್ಕ್‌ಗಾಗಿ ಕಾಯುವುದು. ವರ್ಡ್‌ಪ್ರೆಸ್ ಪುಟಗಳನ್ನು ತಯಾರಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಮ್ಯಾಕ್ಸ್ ಚಿಲ್ಡ್ರನ್, ಅಂದರೆ ಒಟ್ಟಿಗೆ ಓಡಬಹುದಾದ ಪ್ರೊಸೆಸ್‌ಗಳ ಮಿತಿ, ಎಷ್ಟಿಟ್ಟಿದ್ದೀರಿ?

ತೋಟದಮನೆ:
ನೋಡಿದೆ ಸರ್. ಎಸ್‌ಟಿ 0.3, ಡಬ್ಲ್ಯುಎ 44. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಪೂರ್ತಿ ತುಂಬಿತ್ತು. ಮ್ಯಾಕ್ಸ್ ಚಿಲ್ಡ್ರನ್ 80. ಯಾವುದೋ ವೀಡಿಯೊ ನೋಡಿ ಹಾಕಿದ್ದೆ.

ಕಪ್ಪುಪರದೆ:
ಅಲ್ಲೇ ಇದೆ ನೋಡಿ. ಒಂದು ಪಿಎಚ್‌ಪಿ ಪ್ರೊಸೆಸ್‌ಗೆ 60 ಎಂಬಿ ಅಂದುಕೊಂಡರೂ 80ಕ್ಕೆ 4,800 ಎಂಬಿ. ನಿಮ್ಮ ಹತ್ತಿರ ಇರುವುದೇ 4 ಜಿಬಿ, ಅದರಲ್ಲಿ ಡೇಟಾಬೇಸ್‌ಗೂ ಪಾಲು ಬೇಕು. ರ‍್ಯಾಮ್ ಸಾಲದೆ ಡಿಸ್ಕ್ ಮೇಲೆ ಬಿತ್ತು, ಕೊನೆಗೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಡೇಟಾಬೇಸನ್ನೇ ಕೊಂದಿರಬೇಕು. ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಹುಡುಕಿ. 80 ಅನ್ನು 20ಕ್ಕೆ ಇಳಿಸಿ. ಅದಕ್ಕಿಂತ ಮುಖ್ಯ, ಪುಟಗಳನ್ನು ಓದುಗರಿಗೆ ಕಳಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಫಾಸ್ಟ್‌ಸಿಜಿಐ ಕ್ಯಾಶ್ ಹಾಕಿ, ತಯಾರಾದ ಪುಟದ ಪ್ರತಿಯನ್ನೇ ಅದು ಎಲ್ಲರಿಗೂ ಕೊಡುತ್ತದೆ, 60 ಸೆಕೆಂಡ್ ಸಾಕು. ಕ್ಯಾಶ್ ಲಾಕ್ ಕೂಡ ಆನ್ ಮಾಡಿ, ಪ್ರತಿ ಇಲ್ಲದಾಗ ಒಬ್ಬರ ಕೋರಿಕೆ ಮಾತ್ರ ಪಿಎಚ್‌ಪಿಗೆ ಹೋಗಿ ಉಳಿದವು ಕಾಯುತ್ತವೆ. ಆಗ ಸಾವಿರ ಜನ ಒಟ್ಟಿಗೆ ಬಂದರೂ ಆ ಪುಟಕ್ಕೆ ಪಿಎಚ್‌ಪಿ ನಿಮಿಷಕ್ಕೆ ಕೆಲವೇ ಸಲ ಓಡಿದರೆ ಆಯಿತು. ಎಲ್ಲರೂ ನೋಡುವುದು ಅದೇ ದರಪಟ್ಟಿ ತಾನೇ?

ತಾಳಮದ್ದಳೆ:
ನಾನು ಡೆಡಿಕೇಟೆಡ್‌ಗೆ ಹೋದವಳು, ಹೋಗಿದ್ದು ಸರಿಯೇ. ಯಕ್ಷಗಾನದ ಹಳೆಯ ವೀಡಿಯೊಗಳನ್ನು ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನಲ್ಲಿ ಹಗಲೂ ರಾತ್ರಿ ಬೇರೆ ಫಾರ್ಮ್ಯಾಟ್‌ಗೆ ಬದಲಿಸುವ ಕೆಲಸ ನನ್ನದು. ವಿಪಿಎಸ್‌ನಲ್ಲಿ ಎಸ್‌ಟಿ 25 ದಾಟುತ್ತಿತ್ತು. ಇಡೀ ಯಂತ್ರ ನನ್ನದಾದ ಮೇಲೆ ಆ ಕಾಟವೇ ಇಲ್ಲ. ಆದರೆ ಡಿಸ್ಕ್ ಕೆಟ್ಟರೆ ಮೊದಲು ಗಮನಿಸಬೇಕಾದವರು ನಾವೇ. ವಿಪಿಎಸ್‌ನ ಹಾಗೆ ಒಂದು ಗುಂಡಿ ಒತ್ತಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಇಡೀ ಸರ್ವರ್‌ನ ಪ್ರತಿ) ತೆಗೆಯುವ ಅನುಕೂಲ ನನಗೆ ಅಲ್ಲಿ ಸಿಗಲಿಲ್ಲ. ಎಲ್ಲವನ್ನೂ ಎರಡು ಡಿಸ್ಕ್‌ಗಳಲ್ಲಿ ಒಟ್ಟಿಗೆ ಬರೆಯುವ ರೇಡ್ 1 ಇದೆ ಅಂತ ಧೈರ್ಯವಾಗಿದ್ದೆ. ಒಂದು ರಾತ್ರಿ ತಪ್ಪಿ ಒಂದು ಫೋಲ್ಡರ್ ಅಳಿಸಿದೆ, ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಯಿತು. ಹನ್ನೊಂದು ಪ್ರಸಂಗಗಳ ರೆಕಾರ್ಡಿಂಗ್. ಎರಡು ಇನ್ನೂ ಸಿಕ್ಕಿಲ್ಲ. ಎಲ್ಲೇ ಇರಿ, ಬ್ಯಾಕಪ್ ಬೇರೆ ಕಡೆ ಇಡಿ, ದಯವಿಟ್ಟು.

ತೋಟದಮನೆ:
ಮೂರು ಸಂಜೆ ಕಾದು ಬರೆಯುತ್ತಿದ್ದೇನೆ. 20ಕ್ಕೆ ಇಳಿಸಿದೆ, ಕ್ಯಾಶ್ ಹಾಕಿದೆ. ನಿನ್ನೆ ದರ ಹಾಕಿದ ಮೇಲೆ ಡಬ್ಲ್ಯುಎ 2 ದಾಟಲಿಲ್ಲ, ರ‍್ಯಾಮ್ ಅರ್ಧ ಖಾಲಿ. ಒಂದು ಸಮಸ್ಯೆ: ಚಾಲಿಯ ದರ ತಪ್ಪಾಗಿ ಟೈಪ್ ಮಾಡಿದ್ದೆ, ತಿದ್ದಿದರೂ ಒಂದು ನಿಮಿಷ ಹಳೆಯದೇ ಕಾಣಿಸಿತು.

ಕಪ್ಪುಪರದೆ:
ದರದ ವಿಷಯ, ಒಂದು ನಿಮಿಷವೂ ತಪ್ಪು ನಿಲ್ಲಬಾರದು. ಕ್ಯಾಶನ್ನು 10 ಸೆಕೆಂಡ್‌ಗೆ ಇಳಿಸಿ. ನಿಮ್ಮ ಸರ್ವರ್ ಅಷ್ಟನ್ನು ಆರಾಮಾಗಿ ತಡೆಯುತ್ತದೆ.