ಲ್ಯಾಪ್‌ಟಾಪಿನಿಂದ ಆಂಪ್ಲಿಫೈಯರ್‌ಗೆ: ಕಡಿಮೆ ಬೆಲೆಯ ಯುಎಸ್‌ಬಿ ಡ್ಯಾಕ್ ಯಾವುದು ಸೂಕ್ತ?

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು): ನಮಸ್ಕಾರ. ತಂದೆಯವರ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಕೇಬಲ್ ಜೋಡಿಸಿ ದಾಸರ ಪದಗಳನ್ನು ಕೇಳುತ್ತಿದ್ದೇನೆ. ಗಾಯನ ನಿಂತು ತಂಬೂರಿಯೊಂದೇ ಉಳಿದಾಗ ಹಿಂದಿನಿಂದ ಗುಂಯ್ ಎನ್ನುವ ಸದ್ದು ಮೇಲೆದ್ದು ಬರುತ್ತದೆ. 2,000 ರೂಪಾಯಿಯೊಳಗೆ ಎಂಥ ಡ್ಯಾಕ್ (ಲ್ಯಾಪ್‌ಟಾಪಿನ ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಸಾಧನ) ಕೊಳ್ಳಬಹುದೆಂದು ದಯವಿಟ್ಟು ತಿಳಿಸಿ.

ಉತ್ತರ 1: ಹಣ ಕೊಡುವ ಮೊದಲು ಚಾರ್ಜರ್ ತೆಗೆದು, ಬ್ಯಾಟರಿಯಲ್ಲೇ ಒಂದು ಹಾಡು ಕೇಳಿ ನೋಡಿ. ಸದ್ದು ನಿಂತರೆ ಅದು ಬಹುಮಟ್ಟಿಗೆ ಚಾರ್ಜರ್ ಮತ್ತು ಆಂಪ್ಲಿಫೈಯರ್‌ಗಳ ಅರ್ಥಿಂಗ್ ನಡುವೆ ಸುತ್ತುವ ವಿದ್ಯುತ್ತಿನದು; ಆ ವಿದ್ಯುತ್ತು ಯುಎಸ್‌ಬಿ ಕೇಬಲ್ ಮೂಲಕವೂ ಹರಿಯುವುದರಿಂದ ಸಾಮಾನ್ಯ ಡ್ಯಾಕ್ ಹಾಕಿದರೂ ಹೋಗುವುದಿಲ್ಲ. ಆಗ ನಿಮಗೆ ಬೇಕಾದದ್ದು ಈ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್. ಆಂಪ್ಲಿಫೈಯರಿನ ಅರ್ಥ್ ಪಿನ್ನನ್ನು ಮಾತ್ರ ಎಂದಿಗೂ ಕೀಳಬೇಡಿ, ಅದು ಪ್ರಾಣಕ್ಕೆ ಅಪಾಯ.

ಪ್ರಶ್ನೆ ಕೇಳಿದವರು: ಈಗಷ್ಟೇ ಪರೀಕ್ಷಿಸಿದೆ. ಚಾರ್ಜರ್ ತೆಗೆದ ಮೇಲೂ ಸದ್ದು ಉಳಿದಿದೆ. ಮೌಸ್ ಸರಿಸಿದರೆ ಕಿರುಗುಟ್ಟುತ್ತದೆ.

ಉತ್ತರ 2: ಹಾಗಾದರೆ ಲ್ಯಾಪ್‌ಟಾಪಿನೊಳಗಿನ ಗದ್ದಲವೇ ಜ್ಯಾಕಿಗೆ ಸೇರುತ್ತಿದೆ, ಡ್ಯಾಕ್ ಕೊಳ್ಳುವುದು ಸರಿ. ಸಿಡಿಯ ಧ್ವನಿಯೇ 16 ಬಿಟ್, 44.1 ಕಿಲೋಹರ್ಟ್ಸ್ ಆಗಿರುವಾಗ, ಪೆಟ್ಟಿಗೆಯ ಮೇಲಿನ 384 ಕಿಲೋಹರ್ಟ್ಸ್‌ನಂಥ ಅಂಕಿಗಳಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಆರ್‌ಸಿಎ ಔಟ್‌ಪುಟ್ (ಸಾಮಾನ್ಯವಾಗಿ ಕೆಂಪು-ಬಿಳಿ ಬಣ್ಣದ ಜೋಡಿ ಕಿಂಡಿ) ಇದ್ದು, ಅದು 2 ವೋಲ್ಟ್ ಹತ್ತಿರವಿರುವುದನ್ನೇ ಆರಿಸಿ. ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಜೋಡಿಸಿ, ರೆಕಾರ್ಡ್ ಪ್ಲೇಯರ್‌ಗೆಂದಿರುವ ಫೋನೊ ಕಿಂಡಿಗೆ ಬೇಡ.