ನನ್ನ ತೂಕ 88 ಕೆಜಿ, ಎಕ್ಸ್‌ಪಲ್ಸ್ ಪ್ರೊ ಹಿಂದೆ ಕೂತುಬಿಡುತ್ತಿದೆ. ಏನು ಮಾಡಲಿ?

ಮಹಾಲಿಂಗಪುರ_88

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ 200 4ವಿ ಪ್ರೊ ಬೈಕ್ ತಗೊಂಡೆ. ಮೊದಲು ಓಡಿಸುತ್ತಿದ್ದವನು ಸಣಕಲ, 60 ಕೆಜಿ ಇದ್ದರೆ ಜಾಸ್ತಿ. ನಾನು 88.

ಓಡಿಸೋದು ಊರ ಸುತ್ತಲಿನ ಹೊಲದ ದಾರಿಯಲ್ಲಿ. ಈಗ ಕಬ್ಬಿನ ಹಂಗಾಮು. ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗಿ ಹೋಗಿ ಎರೆಮಣ್ಣಿನಲ್ಲಿ ಮೊಣಕಾಲು ಆಳದ ಜಾಡು ಬಿದ್ದಿದೆ, ಅದು ಒಣಗಿ ಕಲ್ಲಾಗಿದೆ. ಜಾಡು ದಾಟುವಾಗ ಹಿಂದಿನ ಶಾಕ್ ತಳಕ್ಕೆ ಬಡಿದು 'ಠಕ್' ಅನ್ನುತ್ತದೆ, ಬೆನ್ನುಮೂಳೆಗೆ ನೇರ ಏಟು. ತಿರುವಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟು ಹೊರಗೆ ಜಾರುತ್ತದೆ. ಎರಡು ಸಲ ಬಿದ್ದಿದ್ದೇನೆ. ಒಂದು ಸಲ ನಮ್ಮದೇ ಕಬ್ಬಿನೊಳಗೆ.

ಒಂದು ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಫೋರ್ಕಿಗೆ (ಮುಂದಿನ ಶಾಕ್‌ಗೆ) ದಪ್ಪ ಆಯಿಲ್ ಹಾಕಿ ದುಡ್ಡು ತಗೊಂಡರು. ಏನೂ ಬದಲಾಗಲಿಲ್ಲ. ಮುಂದೆ ಇನ್ನೂ ಒರಟಾಯಿತು ಅಷ್ಟೇ.

ವಿಡಿಯೋ ನೋಡಿ ನಾನೇ ಹಿಂದಿನ ಸ್ಯಾಗ್, ಅಂದರೆ ನಾನು ಕೂತಾಗ ಗಾಡಿ ಎಷ್ಟು ಕೆಳಗಿಳಿಯುತ್ತದೆ ಅನ್ನೋದನ್ನ ಅಳೆದೆ. 92 ಮಿ.ಮೀ. ಬಂತು. ವಿಡಿಯೋದಲ್ಲಿ 100ರಿಂದ 105 ಇರಬೇಕು ಅಂತ ಹೇಳಿದ್ದಾರೆ. ಹಾಗಾದರೆ ನನ್ನ ಗಾಡಿ ಗಟ್ಟಿ ಇದೆ ಅಂತ ಅರ್ಥ ಅಲ್ವಾ? ಮತ್ತೆ ಯಾಕೆ ಕೂತುಬಿಡುತ್ತದೆ? ತಲೆ ಕೆಟ್ಟಿದೆ.

ಫುಲ್_ಥ್ರಾಟಲ್_ಜಮಖಂಡಿ

ಜಾಸ್ತಿ ಯೋಚಿಸಬೇಡ ಅಣ್ಣಾ. ಹಿಂದಿನ ಶಾಕ್ ಸ್ಪ್ರಿಂಗ್ ಒತ್ತುವ ರಿಂಗ್ ಪೂರ್ತಿ ಟೈಟ್ ಮಾಡು, ಕಂಪ್ರೆಷನ್ ಸ್ಕ್ರೂ (ಶಾಕ್ ಕುಗ್ಗುವ ವೇಗ ತಡೆಯೋದು) ಪೂರ್ತಿ ಒಳಗೆ ತಿರುಗಿಸು. ಮುಗೀತು.

ಟೇಪು_ಪೆನ್ಸಿಲ್, ಬೆಳಗಾವಿ

ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಉದ್ಯಮಬಾಗದಲ್ಲಿ ಲೇಥ್ ಮುಂದೆ 22 ವರ್ಷ ನಿಂತವನು. ಅಂದಾಜು ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ನೀವು ಅಳತೆ ಮಾಡಿ ಕೇಳಿದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ನೋಡಿದ 100–105 ಮಿ.ಮೀ. ಲೆಕ್ಕ ಮೋಟೋಕ್ರಾಸ್ ಗಾಡಿಗಳದ್ದು. ಅವುಗಳ ಹಿಂದಿನ ಚಕ್ರ ಸುಮಾರು 300 ಮಿ.ಮೀ. ಮೇಲೆ ಕೆಳಗೆ ಓಡಾಡುತ್ತದೆ. ಅದರಲ್ಲಿ ಮೂರನೇ ಒಂದು ಭಾಗ ಅಂದರೆ 100. ನಿಮ್ಮ ಪ್ರೊದಲ್ಲಿ ಹಿಂದಿನ ಓಡಾಟ 220 ಮಿ.ಮೀ., ಮುಂದೆ 250. 220ರ ಮೂರನೇ ಒಂದು ಭಾಗ 73. ನಿಮ್ಮದು 92. ನೀವು ಸುಮ್ನೆ ಸೀಟಿನ ಮೇಲೆ ಕೂತರೇ ನೂರಕ್ಕೆ 42ರಷ್ಟು ಓಡಾಟ ಖರ್ಚಾಗಿ ಹೋಯಿತು. ಉಳಿದದ್ದರಲ್ಲಿ ಟ್ರ್ಯಾಕ್ಟರ್ ಜಾಡು ನುಂಗಬೇಕು. ತಳ ಬಡಿಯದೆ ಇನ್ನೇನು?

ಮುಂದಿನ ಚಕ್ರ ಜಾರುವುದಕ್ಕೂ ಬಹುಶಃ ಇದೇ ಕಾರಣ. ಹಿಂಭಾಗ ಕುಸಿದಾಗ ಮೂತಿ ಮೇಲೆದ್ದು, ಫೋರ್ಕ್ ಮುಂದಕ್ಕೆ ಚಾಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಭಾರವೇ ಇರುವುದಿಲ್ಲ. ರೋಗ ಹಿಂದೆ ಇತ್ತು, ಅವರು ಔಷಧ ಮುಂದೆ ಹಾಕಿದರು. ದಪ್ಪ ಆಯಿಲ್ ಹಾಕಿದರೆ ಫೋರ್ಕ್ ನಿಧಾನವಾಗಿ ಓಡಾಡುತ್ತದೆ, ಅಷ್ಟೇ. ಭಾರ ಹೊರುವುದು ಸ್ಪ್ರಿಂಗ್, ಆಯಿಲ್ ಅಲ್ಲ.

ಈಗ ಇನ್ನೊಂದು ಸಲ ಅಳೆಯಿರಿ. ಈ ಸಲ ಮೂರು ಅಳತೆ ಬೇಕು. ಹಿಂದಿನ ಆಕ್ಸಲ್‌ನಿಂದ ನೆಟ್ಟಗೆ ಮೇಲೆ, ಸೈಡ್ ಪ್ಯಾನೆಲ್ ಮೇಲೆ ಒಂದು ಚಿಕ್ಕ ಟೇಪು ಅಂಟಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಮೂರೂ ಸಲ ಅದೇ ಗೆರೆ. ಒಂದು, ಗಾಡಿಯನ್ನು ಎತ್ತಿ ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಾಗ. ಎರಡು, ಗಾಡಿ ತನ್ನ ಕಾಲ ಮೇಲೆ ತಾನೇ ನಿಂತಾಗ, ಒಬ್ಬರು ಹ್ಯಾಂಡಲ್ ಮೆಲ್ಲಗೆ ಹಿಡಿದಿರಬೇಕು. ಮೂರು, ನೀವು ಮೇಲೆ ಕೂತು, ಎರಡೂ ಕಾಲು ಪೆಗ್ ಮೇಲಿಟ್ಟಾಗ. ಗೋಡೆಗೆ ಮೊಣಕೈ ತಾಗಿಸಿಕೊಂಡರೆ ಸಮತೋಲ ಸಿಗುತ್ತದೆ. ಪ್ರತಿ ಸಲ ಅಳೆಯುವ ಮೊದಲು ಗಾಡಿಯನ್ನು ಎರಡು ಮೂರು ಸಲ ಕುಲುಕಿ ಬಿಡಿ. ಇಲ್ಲದಿದ್ದರೆ ಸೀಲುಗಳ ಬಿಗಿತಕ್ಕೆ 4–5 ಮಿ.ಮೀ. ಸುಳ್ಳು ಹೇಳುತ್ತದೆ.

ಒಂದರಿಂದ ಎರಡು ಕಳೆದರೆ ಖಾಲಿ ಸ್ಯಾಗ್. ಒಂದರಿಂದ ಮೂರು ಕಳೆದರೆ ಸವಾರನ ಸ್ಯಾಗ್.

ಇನ್ನೊಂದು. 88 ಅಂದರೆ ಬನಿಯನ್ ಮೇಲಿನ ತೂಕ ತಾನೇ? ಗಾಡಿಗೆ ಬನಿಯನ್ ಲೆಕ್ಕ ಬೇಡ. ಹೆಲ್ಮೆಟ್, ಬೂಟು, ಗಾರ್ಡು, ಬೆನ್ನಿನ ನೀರಿನ ಚೀಲ ಎಲ್ಲ ಹಾಕಿಕೊಂಡು ತೂಗಿಸಿ, ಅಳೆಯುವಾಗಲೂ ಹಾಗೇ ಕೂರಿ. ಗಾಡಿ ತೊಳೆದಿರಲಿ. ನಾನು ಒಂದು ಮಳೆಗಾಲ ಮಡ್‌ಗಾರ್ಡ್ ಕೆಳಗೆ ಎರೆಮಣ್ಣು ಗಚ್ಚಿನಂತೆ ಮೆತ್ತಿಕೊಂಡಿದ್ದಾಗ ಅಳೆದು, ಒಂದು ವಾರ ತಪ್ಪು ಲೆಕ್ಕದ ಮೇಲೆ ಓಡಾಡಿದ್ದೇನೆ.

ಮಹಾಲಿಂಗಪುರ_88

ಸರ್, ನಮ್ಮೂರಲ್ಲಿ ತೂಕಕ್ಕೇನು ಬರ? ಬೆಲ್ಲದ ಅಡತಿಗೆ ಹೋದೆ. ಹೆಲ್ಮೆಟ್, ಬೂಟು, ಗಾರ್ಡು ಎಲ್ಲ ಹಾಕಿಕೊಂಡು ಪೆಂಟೆ ತೂಗುವ ಕಾಟಾ ಮೇಲೆ ನಿಂತೆ. 98. ಅಡತಿ ಕಾಕಾ "ಒಂದು ಕ್ವಿಂಟಲ್‌ಗೆ ಎರಡೇ ಕಮ್ಮಿ, ಉಂಡು ಬಾ, ಸವಾಲಿಗೆ ಹಚ್ಚೋಣ" ಅಂದರು.

ತಮ್ಮನ ಕೈಗೆ ಟೇಪು ಕೊಟ್ಟು ಅಳೆಸಿದೆ. ಗಾಳಿಯಲ್ಲಿ 640. ಖಾಲಿ ನಿಂತಾಗ 616. ನಾನು ಕೂತಾಗ 548. ಅಂದರೆ ಖಾಲಿ ಸ್ಯಾಗ್ 24, ನನ್ನದು 92.

ಆಮೇಲೆ ರಿಂಗ್ ತಿರುಗಿಸುತ್ತಾ ಹೋದೆ. ಒಂದು ಸುತ್ತಿಗೆ ಸುಮಾರು 3 ಮಿ.ಮೀ. ಕಮ್ಮಿಯಾಗುತ್ತಿತ್ತು. ಆರೂವರೆ ಸುತ್ತಿಗೆ 73ಕ್ಕೆ ಬಂತು. ತಳ ಬಡಿಯೋದು ಅರ್ಧ ಕಮ್ಮಿಯಾಯಿತು, ಮುಂದಿನ ಚಕ್ರವೂ ಹಿಡಿಯುತ್ತಿದೆ. ಆದರೆ ಈಗ ಬೇರೆ ತೊಂದರೆ. ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಕುಣಿಯುತ್ತದೆ, ನೆಲ ಬಿಟ್ಟು ಬಿಟ್ಟು ಬೀಳುತ್ತದೆ. ಖಾಲಿ ಸ್ಯಾಗ್ ಮತ್ತೆ ನೋಡಿದರೆ ಬರೀ 5. ಸ್ಪ್ರಿಂಗ್ ತುಂಬಾ ಗಟ್ಟಿಯಾಯಿತು ಅನಿಸುತ್ತದೆ. ಮೆತ್ತನೆಯದು ಹಾಕಬೇಕಾ?

ಟೇಪು_ಪೆನ್ಸಿಲ್, ಬೆಳಗಾವಿ

ಉಲ್ಟಾ. ಇನ್ನೂ ಗಟ್ಟಿಯದು ಹಾಕಬೇಕು. ಇಲ್ಲೇ ಎಲ್ಲರೂ ಎಡವುವುದು, ನಾನೂ ಎಡವಿದ್ದೆ.

ರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಹತ್ತಿಯ ಹಾಸಿಗೆಯನ್ನು ಹಗ್ಗ ಹಾಕಿ ಬಿಗಿದು ಕಟ್ಟಿದ ಹಾಗೆ ಅದು. ಹತ್ತಿ ಅದೇ ಹತ್ತಿ. ಮೊದಲೇ ಒತ್ತಿಟ್ಟಿರುವುದರಿಂದ ಸಣ್ಣ ಭಾರಕ್ಕೆ ಜಗ್ಗುವುದಿಲ್ಲ, ಅಷ್ಟೇ. ನಿಮ್ಮ 98 ಕೆಜಿ ಹೊರಲು ಆ ಸ್ಪ್ರಿಂಗನ್ನು ಎಷ್ಟು ಒತ್ತಬೇಕಾಯಿತು ಅಂದರೆ, ನೀವು ಇಳಿದ ತಕ್ಷಣ ಅದು ಗಾಡಿಯನ್ನು ಪೂರ್ತಿ ಮೇಲಕ್ಕೆ ದಬ್ಬಿ ನಿಲ್ಲಿಸುತ್ತದೆ. ಕೆಳಕ್ಕೆ ಚಾಚಿಕೊಳ್ಳಲು ಚಕ್ರಕ್ಕೆ 5 ಮಿ.ಮೀ. ಮಾತ್ರ ಉಳಿಯಿತು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಓಡುತ್ತದೆ, ಹಿಂದಿನ ಚಕ್ರ ತಗ್ಗಿಗೆ ಕಾಲು ಚಾಚಲು ಹೋಗುತ್ತದೆ, ಕಾಲೇ ಉದ್ದ ಇಲ್ಲ. ಅದಕ್ಕೇ ಕುಣಿತ.

ಸವಾರನ ಸ್ಯಾಗ್ ಸರಿ ಇಟ್ಟ ಮೇಲೆ ಖಾಲಿ ಸ್ಯಾಗ್ ತೀರಾ ಕಮ್ಮಿ ಬಂದರೆ, ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು. ಖಾಲಿ ಸ್ಯಾಗ್ ಜಾಸ್ತಿ ಬಂದರೆ ಗಟ್ಟಿಯಾಯಿತು. ಇದನ್ನು ಗ್ಯಾರೇಜ್ ಗೋಡೆಗೆ ಬರೆದಿಟ್ಟುಕೊಳ್ಳಿ. ನಿಮ್ಮ ಗಾಡಿಗೆ ಖಾಲಿ ಸ್ಯಾಗ್ 15ರಿಂದ 25ರ ನಡುವೆ ಬರಬೇಕು.

ನಿಮ್ಮ ಅಂಕಿಯಲ್ಲೇ ಲೆಕ್ಕ ಇದೆ ನೋಡಿ. ನೀವು ಕೂತಾಗ ಗಾಡಿ 616ರಿಂದ 548ಕ್ಕೆ ಇಳಿಯಿತು, 68 ಮಿ.ಮೀ. ನಮಗೆ ಬೇಕಾದದ್ದು 73ರಲ್ಲಿ 16 ಖಾಲಿ, ನಿಮ್ಮ ಪಾಲಿಗೆ 57. 68ನ್ನು 57ರಿಂದ ಭಾಗಿಸಿದರೆ 1.19. ಈಗಿನದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಗಟ್ಟಿಯ ಸ್ಪ್ರಿಂಗ್ ಹುಡುಕಿ. ಕೊಳ್ಳುವ ಮೊದಲು ಈಗಿನದರ ಉದ್ದ ಮತ್ತು ಒಳ ವ್ಯಾಸ ಅಳೆದುಕೊಳ್ಳಿ. ಸ್ಪ್ರಿಂಗ್ ಮೇಲೆ ಅಂಕಿ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ.

ಶಾಕನ್ನು ಮಾತ್ರ ಬಿಚ್ಚಲು ಹೋಗಬೇಡಿ. ಇಂಥ ಶಾಕ್‌ಗಳಲ್ಲಿ ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಸ್ಪ್ರಿಂಗ್ ಬದಲಿಸುವುದು ಬೇರೆ, ಶಾಕ್ ಸೀಳುವುದು ಬೇರೆ. ಹಾಗೇ ರಿಂಗಿಗೆ ಉಳಿ ಸುತ್ತಿಗೆ ತಾಗಿಸಬೇಡಿ, ಕೊಕ್ಕೆ ಸ್ಪ್ಯಾನರ್ ತಗೊಳ್ಳಿ. ನಾನು ಮೊದಲ ಗಾಡಿಯಲ್ಲಿ ಉಳಿ ಇಟ್ಟು ಬಾರಿಸಿ ರಿಂಗಿನ ಹಲ್ಲು ಹಾರಿಸಿದ್ದೆ. ದಿನವಿಡೀ ಕಬ್ಬಿಣ ಕಡೆಯುವವನು ಹೀಗೆ ಮಾಡಿದ್ದು ಕಾರ್ಖಾನೆಯಲ್ಲಿ ಯಾರಿಗೂ ಹೇಳಿಲ್ಲ.

ಹಗುರ_ಸವಾರಿ, ವಿಜಯಪುರ

ನನಗೆ ಇದರ ಉಲ್ಟಾ ಪಾಡು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತೂಕ ಎಲ್ಲ ಸೇರಿ 59. ಗಾಡಿ ಇದೇ ಪ್ರೊ, ಸೀಟಿನ ಎತ್ತರ 891 ಮಿ.ಮೀ. ನಿಂತರೆ ಎರಡೂ ಕಡೆ ಬೆರಳ ತುದಿ ಮಾತ್ರ ನೆಲಕ್ಕೆ. ಕಾಲು ಎಟುಕಲಿ ಅಂತ ರಿಂಗ್ ಪೂರ್ತಿ ಸಡಿಲ ಮಾಡಿದ್ದೆ. ಗಾಡಿ ಎತ್ತಿದಾಗ ಸ್ಪ್ರಿಂಗ್ ಗಡಗಡ ಅಲ್ಲಾಡುತ್ತಿತ್ತು. ಆದರೂ ಸಣ್ಣ ಕಲ್ಲಿಗೂ ಹಿಂದಿನಿಂದ ಒದೆ ಬೀಳುತ್ತಿತ್ತು. ಟೇಪು ಸರ್ ಹೇಳಿದ ಲೆಕ್ಕ ನೋಡಿದರೆ ನನ್ನ ಖಾಲಿ ಸ್ಯಾಗ್ 38, ಅಂದರೆ ಸ್ಪ್ರಿಂಗ್ ನನಗೆ ಗಟ್ಟಿ. ಎತ್ತರಕ್ಕೆ ಮದ್ದು ಅಂತ ಪ್ರಿಲೋಡ್ (ರಿಂಗಿನ ಬಿಗಿತ) ಮುಟ್ಟಬಾರದಿತ್ತು ಅಲ್ವಾ?

ಟೇಪು_ಪೆನ್ಸಿಲ್, ಬೆಳಗಾವಿ

ಹೌದಮ್ಮ. ಎತ್ತರ ತಗ್ಗಿಸಬೇಕಿದ್ದರೆ ಸೀಟಿನ ಫೋಮ್ ಕತ್ತರಿಸಿ. ಸ್ಪ್ರಿಂಗ್ ಸಡಿಲವಾಗಿ ಅಲ್ಲಾಡುವ ಹಾಗೆ ಯಾವತ್ತೂ ಓಡಿಸಬೇಡಿ. ನಿಮಗೆ ಮೆತ್ತನೆಯ ಸ್ಪ್ರಿಂಗ್ ಬೇಕು, ಅದಕ್ಕೆ ತಕ್ಕ ಪ್ರಿಲೋಡ್ ಬೇಕು. ಸಿಗುವವರೆಗೆ ರಿಬೌಂಡ್ (ಕುಗ್ಗಿದ ಶಾಕ್ ವಾಪಸ್ ಚಾಚುವ ವೇಗ) ಎರಡು ಕ್ಲಿಕ್ ನಿಧಾನ ಮಾಡಿ ನೋಡಿ, ಒದೆ ಸ್ವಲ್ಪ ತಗ್ಗುತ್ತದೆ.

ಮಹಾಲಿಂಗಪುರ_88

ಐದು ವಾರದ ಮೇಲೆ ಬರುತ್ತಿದ್ದೇನೆ. ಪುಣೆಯಲ್ಲಿರುವ ಗೆಳೆಯನಿಂದ ಸ್ಪ್ರಿಂಗ್ ತರಿಸಿದೆ. ಹಾಕಿ ಅಳೆದರೆ ನನ್ನದು 72, ಖಾಲಿ 15. ಅಡತಿ ಕಾಟಾದಷ್ಟೇ ಪಕ್ಕಾ ಬಂತು ನಿಮ್ಮ ಲೆಕ್ಕ.

ಹೊಸ ಸ್ಪ್ರಿಂಗ್ ಹಾಕಿದ ದಿನ ಹಿಂಭಾಗ ಕುದುರೆಯ ಹಾಗೆ ಎಗರುತ್ತಿತ್ತು. ರಿಬೌಂಡ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಎಷ್ಟು ಕ್ಲಿಕ್ ಇತ್ತು ಅಂತ ಎಣಿಸಿ ಬರೆದುಕೊಂಡೆ, ವಾಪಸ್ ಬಿಡುವಾಗ ಮೊದಲಿಗಿಂತ ಮೂರು ಕ್ಲಿಕ್ ಒಳಗೇ ಉಳಿಸಿದೆ. ನೆಟ್ಟಗಾಯಿತು. ಚೈನ್ ಸಡಿಲವೂ ಬದಲಾಗಿತ್ತು, ಅದನ್ನೂ ಸರಿ ಮಾಡಿದೆ.

ಮೊನ್ನೆ ಅದೇ ಜಾಡು ದಾಟಿದೆ. 'ಠಕ್' ಇಲ್ಲ. ಹಿಂದೆ ತಿರುಗಿ ನೋಡಿದೆ, ನಿಜವಾಗಲೂ ದಾಟಿದೆನಾ ಅಂತ.

ಟೇಪು_ಪೆನ್ಸಿಲ್, ಬೆಳಗಾವಿ

ಭಲೇ. ಈಗ ಫೋರ್ಕಿನ ದಪ್ಪ ಆಯಿಲ್ ತೆಗೆಸಿ, ಕಂಪನಿ ಹೇಳಿದ್ದನ್ನೇ ಹಾಕಿಸಿ. ಆಮೇಲೆ ಮುಂದಿನ ಸ್ಯಾಗ್ ಅಳೆಯಿರಿ. ಮುಂದಿನ ಚಕ್ರ ಕೂರಿಸುವಾಗ ಕೆಳಗಿನ ಕ್ಲಾಂಪ್ ಬೋಲ್ಟ್ ಬಿಗಿಯುವ ಮೊದಲು ಫೋರ್ಕನ್ನು ನಾಲ್ಕಾರು ಸಲ ಒತ್ತಿ ಬಿಡಿ. ಇಲ್ಲದಿದ್ದರೆ ಫೋರ್ಕಿನ ಎರಡೂ ಕಾಲು ಒಂದಕ್ಕೊಂದು ಜಗ್ಗಿಕೊಂಡು ಅಳತೆ ಮತ್ತೆ ಸುಳ್ಳಾಗುತ್ತದೆ.

ಮಹಾಲಿಂಗಪುರ_88

ಆಯಿತು ಸರ್, ಈ ಭಾನುವಾರ. ಆದರೆ ತಮ್ಮ ಟೇಪು ಹಿಡಿಯಲು ಈಗ 50 ರೂಪಾಯಿ ಕೇಳುತ್ತಿದ್ದಾನೆ.